ನೆರಳಿಲ್ಲದ ಮಧ್ಯಾಹ್ನ: ವಿಜ್ಞಾನ ತರಗತಿಯಲ್ಲಿ ಸಹಕಾರಿ ಕಲಿಕೆ ಮತ್ತು ದೃಶ್ಯ-ಶ್ರವ್ಯ ಮಾಧ್ಯಮ

ನಾಲ್ವರು ಮಕ್ಕಳನ್ನು ಒಟ್ಟಿಗೆ ಕೂರಿಸಿದ ಮಾತ್ರಕ್ಕೆ ಅದು ಸಹಕಾರಿ ಕಲಿಕೆ ಎನಿಸುವುದಿಲ್ಲ. ಶಿಕ್ಷಣ ಸಂಶೋಧಕರಾದ ಡೇವಿಡ್ ಜಾನ್ಸನ್ ಮತ್ತು ರೋಜರ್ ಜಾನ್ಸನ್ ಸಹೋದರರು ಗುರುತಿಸಿದ ಅದರ ಐದು ಲಕ್ಷಣಗಳಲ್ಲಿ ಎರಡನ್ನು, ಅಂದರೆ ಪರಸ್ಪರ ಅವಲಂಬನೆ ಹಾಗೂ ವೈಯಕ್ತಿಕ ಹೊಣೆಗಾರಿಕೆಯನ್ನು, ಪಾಠಯೋಜನೆ ಬರೆಯುವಾಗಲೇ ಖಚಿತಪಡಿಸಿಕೊಳ್ಳಬೇಕು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಅವರು 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ರೂಪಿಸಿದ ಜಿಗ್ಸಾ ವಿಧಾನದಲ್ಲಿ ಇವೆರಡೂ ಸಹಜವಾಗಿಯೇ ಒದಗುತ್ತವೆ; ಪಾಠದ ಒಂದೊಂದು ಭಾಗ ಒಬ್ಬೊಬ್ಬರ ಪಾಲಿಗೆ ಬರುವುದರಿಂದ ಯಾರ ಮಾತನ್ನೂ ಉಳಿದವರು ಕಡೆಗಣಿಸುವಂತಿಲ್ಲ.

ಬೆಂಗಳೂರಿನ ಏಳನೆಯ ತರಗತಿಗೆ ನೆರಳಿನ ಪಾಠವನ್ನೇ ತೆಗೆದುಕೊಳ್ಳೋಣ. ಪ್ರತಿದಿನ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆಂದು ಅನೇಕ ಮಕ್ಕಳು ನಂಬಿರುತ್ತಾರೆ. ನಮ್ಮ ನಗರ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಹಾಗಾಗುವುದು ವರ್ಷಕ್ಕೆ ಎರಡೇ ಬಾರಿ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ. ಮೊದಲನೆಯದು ಬೇಸಿಗೆ ರಜೆಯಲ್ಲಿ ಕಳೆದುಹೋಗುತ್ತದೆ, ಎರಡನೆಯದಕ್ಕೆ ಮುಂಗಾರಿನ ಮೋಡ ಅಡ್ಡ ಬರಬಹುದು. ವಿಡಿಯೊ ನಿಜವಾಗಿ ಬೇಕಾಗುವುದು ಇಲ್ಲಿ. ಅಂಗಳದಲ್ಲಿ ಕೋಲು ನೆಟ್ಟು ಅಳೆಯಬಹುದಾದ ದಿನದ ನೆರಳನ್ನು ಪರದೆಯ ಮೇಲೆ ತೋರಿಸುವುದನ್ನು ನಾನು ಒಪ್ಪುವುದಿಲ್ಲ. ವರ್ಷವಿಡೀ ಸೂರ್ಯನ ಪಥ ಉತ್ತರ ದಕ್ಷಿಣವಾಗಿ ಸರಿಯುವುದನ್ನು ಮಾತ್ರ ತೋರಿಸಬೇಕು.

ಪ್ರತಿ ಗುಂಪಿನಲ್ಲಿ ಒಬ್ಬರು ಕೋಲಿನ ನೆರಳನ್ನು ಅಳೆಯಲಿ, ಒಬ್ಬರು ಗೋಳ ಮತ್ತು ಟಾರ್ಚ್ ಹಿಡಿದು ಅಕ್ಷಾಂಶವನ್ನು ಪರಿಶೀಲಿಸಲಿ, ಒಬ್ಬರು ವಿಡಿಯೊ ನೋಡಲಿ, ಮತ್ತೊಬ್ಬರು ಸೂರ್ಯನ ನಡುಹಗಲು ನಮ್ಮ ಗಡಿಯಾರದ ಹನ್ನೆರಡು ಗಂಟೆಗೆ ಏಕೆ ಆಗುವುದಿಲ್ಲವೆಂದು ಲೆಕ್ಕ ಹಾಕಲಿ. ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಬೆಂಗಳೂರು ಇರುವುದು 77.6ರಲ್ಲಿ; ಡಿಗ್ರಿಗೆ ನಾಲ್ಕು ನಿಮಿಷದಂತೆ ಸುಮಾರು 20 ನಿಮಿಷಗಳ ವ್ಯತ್ಯಾಸ ಬರುತ್ತದೆ, ದಿನಕ್ಕೆ ತಕ್ಕಂತೆ ಅದು ಕೆಲವು ನಿಮಿಷ ಹೆಚ್ಚು ಕಡಿಮೆಯಾಗುತ್ತದೆ. ಒಂದೇ ಭಾಗ ವಹಿಸಿಕೊಂಡವರು ಮೊದಲು ಒಟ್ಟಾಗಿ ಚರ್ಚಿಸಿ, ಬಳಿಕ ತಮ್ಮ ಮೂಲ ಗುಂಪಿಗೆ ಮರಳಿ ಕಲಿಸುತ್ತಾರೆ.

ವಿಡಿಯೊವನ್ನು ಮೊದಲ ಸಲ ಧ್ವನಿಯಿಲ್ಲದೆ ತೋರಿಸಿ, ನಡುವೆ ನಿಲ್ಲಿಸಿ, ಮುಂದೇನಾಗಬಹುದೆಂದು ಬರೆಸಬೇಕು. ವಿವರಣೆ ಇಂಗ್ಲಿಷಿನಲ್ಲಿದ್ದರೆ ಶಿಕ್ಷಕರೇ ಕನ್ನಡದಲ್ಲಿ ಹೇಳುವುದು ಲೇಸು. ಅದೇ ವಾಕ್ಯಗಳನ್ನು ಪರದೆಯ ಮೇಲೂ ಓದಿಸಿದರೆ ಗಮನ ಚಿತ್ರದಿಂದ ಅಕ್ಷರಗಳತ್ತ ಹರಿಯುತ್ತದೆಂಬುದನ್ನು ರಿಚರ್ಡ್ ಮೇಯರ್ ಅವರ ಬಹುಮಾಧ್ಯಮ ಕಲಿಕೆಯ ಅಧ್ಯಯನಗಳು ತೋರಿಸಿವೆ.

ಮೌಲ್ಯಮಾಪನದಲ್ಲಿ ತಾನು ವಹಿಸಿಕೊಳ್ಳದ ಭಾಗದ ಬಗ್ಗೆಯೇ ಪ್ರತಿ ಮಗುವೂ ಒಬ್ಬಂಟಿಯಾಗಿ ಬರೆಯಬೇಕು. ಆಗಸ್ಟ್ 18ರಂದು ಮೋಡ ಸರಿದರೆ ಪ್ರೊಜೆಕ್ಟರ್ ಆರಿಸಿ, ಕೋಲಿನ ನೆರಳು ಮಾಯವಾಗುವ 12.24ಕ್ಕೆ ಮುಂಚೆಯೇ ಎಲ್ಲರನ್ನೂ ಅಂಗಳಕ್ಕೆ ಕರೆದೊಯ್ಯಿರಿ.