ಗಲ್ಫ್ ಮನೆಗೆಲಸ: ಬಿಟ್ಟು ಬರೋದು ಯಾಕಷ್ಟು ಕಷ್ಟ?

ಗಲ್ಫ್‌ಗೆ ಮನೆಗೆಲಸಕ್ಕೆ ಹೋಗಿ ಕಷ್ಟಕ್ಕೆ ಸಿಕ್ಕ ಹೆಂಗಸರ ಬಗ್ಗೆ ಎಲ್ಲೇ ಮಾತು ಬಂದರೂ ಒಂದು ಪ್ರಶ್ನೆ ಏಳುತ್ತದೆ. "ಅಷ್ಟು ತೊಂದರೆ ಇದ್ದರೆ ಬಿಟ್ಟು ಬರಬಹುದಿತ್ತಲ್ವಾ?" ಕೇಳುವವರು ಕೆಟ್ಟವರೇನಲ್ಲ. ನಮ್ಮಲ್ಲಿ ಒಂದು ಮನೆ ಸರಿಹೋಗದಿದ್ದರೆ ಕೆಲಸದವರು ನಾಳೆಯಿಂದ ಬರಲ್ಲ ಅಂತ ಹೇಳಿ ಇನ್ನೊಂದು ಮನೆ ಹಿಡಿಯುತ್ತಾರೆ. ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಕೇಳುತ್ತಾರೆ.

ನಾನು ವಲಸೆ ಕಾರ್ಮಿಕರ ಕೇಸುಗಳನ್ನು ನೋಡುವ ವಕೀಲೆ. ನನ್ನ ಮೇಜಿಗೆ ಬರುವ ಕಾಗದಗಳಲ್ಲಿ ನಾನು ಹುಡುಕುವುದೂ ಇದನ್ನೇ. ಹೊಡೆದರಾ, ಊಟ ಹಾಕಿದರಾ ಅನ್ನುವ ಪ್ರಶ್ನೆಗಳು ಆಮೇಲೆ. ಬಿಡಬೇಕು ಅಂತ ಅವಳಿಗೆ ಅನ್ನಿಸಿದ ದಿನ ಬಿಡುವ ದಾರಿ ಇತ್ತಾ? ಒಳ್ಳೆಯ ಮನೆ ಸಿಕ್ಕವರೂ ಇದ್ದಾರೆ. ಅಲ್ಲಿ ದುಡಿದು ಸಾಲ ತೀರಿಸಿದವರು, ಮಕ್ಕಳನ್ನು ಓದಿಸಿದವರು ಇದ್ದಾರೆ. ಅವರ ಕಾಗದ ತೆಗೆದು ನೋಡಿದರೂ ದಾರಿ ಮುಚ್ಚಿಯೇ ಇರುತ್ತದೆ. ಅವರಿಗೆ ಆ ದಾರಿ ಬೇಕಾಗಲಿಲ್ಲ, ಅಷ್ಟೇ.

ದಾರಿ ಮುಚ್ಚುವ ಕೆಲಸ ವಿಮಾನ ಹತ್ತುವ ಎಷ್ಟೋ ಮೊದಲೇ ಶುರುವಾಗುತ್ತದೆ. ಹತ್ತನೇ ಕ್ಲಾಸ್ ಪಾಸಾಗದವರಿಗೆ ಸಾಮಾನ್ಯವಾಗಿ ಸಿಗುವುದು ಇಸಿಆರ್, ಅಂದರೆ 'ಎಮಿಗ್ರೇಷನ್ ಚೆಕ್ ರಿಕ್ವೈರ್ಡ್' ಪಾಸ್‌ಪೋರ್ಟ್. ಅದನ್ನು ಹಿಡಿದು ಸೌದಿ, ಕುವೈತ್, ಯುಎಇ, ಕತಾರ್, ಒಮಾನ್, ಬಹ್ರೇನ್‌ನಂಥ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯ್ದೆಯ ಪ್ರಕಾರ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಅನ್ನುವ ಸರ್ಕಾರಿ ಅಧಿಕಾರಿಯ ಅನುಮತಿ ಬೇಕು. ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ 30 ವರ್ಷ ಆಗಿರಬೇಕು. 2016ರಲ್ಲಿ ಇಂಥವರ ನೇಮಕಾತಿಯನ್ನು ಖಾಸಗಿ ಏಜೆಂಟರ ಕೈಯಿಂದ ತೆಗೆದು ಸರ್ಕಾರಿ ಸಂಸ್ಥೆಗಳಿಗೆ ವಹಿಸಿದರು. ಕೇರಳದ ನಾರ್ಕಾ ರೂಟ್ಸ್ ಅಂಥದ್ದೊಂದು.

ಉದ್ದೇಶ ಒಳ್ಳೆಯದೇ, ಚಿಕ್ಕ ವಯಸ್ಸಿನವರು ಮೋಸಹೋಗಬಾರದು ಅಂತ. ಆದರೆ ಗಂಡ ಬಿಟ್ಟುಹೋಗಿ, ಕೈಯಲ್ಲಿ ಕೂಸು ಇರುವ 24ರ ಹೆಂಗಸು ಮೂವತ್ತು ತುಂಬಲಿ ಅಂತ ಕಾಯುತ್ತಾ ಕೂರುವುದಿಲ್ಲ. ಏಜೆಂಟ್ ಅವಳಿಗೆ ವಿಸಿಟ್ ವೀಸಾ ಮಾಡಿಸಿಕೊಡುತ್ತಾನೆ. ಏರ್‌ಪೋರ್ಟ್‌ನಲ್ಲಿ ಕೇಳಿದರೆ "ಅಕ್ಕನ ಮನೆಗೆ ಹೋಗ್ತಿದ್ದೀನಿ ಅನ್ನು" ಅಂತ ಹೇಳಿಕೊಟ್ಟಿರುತ್ತಾನೆ. ಅವಳು ಹಾಗೇ ಹೇಳುತ್ತಾಳೆ. ಆ ಒಂದು ಸುಳ್ಳು ಮುಂದೆ ಏಜೆಂಟನಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ಏನೇ ಆದರೂ ಅವಳು ದೂರು ಕೊಡಲು ಹಿಂಜರಿಯುತ್ತಾಳೆ, ತಪ್ಪು ನಂದೇ ಅಲ್ವಾ ಅಂತ.

ಹೀಗೆ ಹೋದವಳ ಹೆಸರು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇರುವುದಿಲ್ಲ. ಅಲ್ಲಿ ದಾಖಲಾಗಬೇಕಾದ ಕೆಲಸದ ಒಪ್ಪಂದ ಇಲ್ಲ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗ ಊನವಾದರೆ 10 ಲಕ್ಷ ರೂಪಾಯಿ ಕೊಡುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಇಲ್ಲ. ವೀಸಾ ಅವಧಿ ಮುಗಿದ ಮೇಲೆ ಅವಳು ಆ ದೇಶದಲ್ಲಿ ಅಕ್ರಮವಾಗಿ ಇರುವವಳು. ನನ್ನನ್ನು ಕೇಳಿದರೆ, ವಯಸ್ಸಿನ ಮಿತಿ ಹೋಗುವವರನ್ನು ತಡೆದಿಲ್ಲ, ಹಿಂಬಾಗಿಲಿಗೆ ಕಳಿಸಿದೆ. ಇಂಡೋನೇಷ್ಯಾ 2015ರಲ್ಲಿ ಮಧ್ಯಪ್ರಾಚ್ಯಕ್ಕೆ ಮನೆಗೆಲಸದವರನ್ನು ಕಳಿಸುವುದನ್ನೇ ನಿಲ್ಲಿಸಿತು, ನೇಪಾಳವೂ ಆಗಾಗ ನಿಷೇಧ ಹಾಕಿದೆ. ಅಲ್ಲೂ ಹೆಂಗಸರು ಬೇರೆ ದಾರಿ ಹಿಡಿದು ಹೋಗುವುದು ನಿಲ್ಲಲಿಲ್ಲ.

ಮನೆಯವರು ವಾಟ್ಸಾಪ್‌ನಲ್ಲಿ ವೀಸಾದ ಪ್ರತಿ ಕಳಿಸುತ್ತಾರೆ. ಅದರಲ್ಲಿ ಅರ್ಧ ಅರೇಬಿಕ್, ಅರ್ಧ ಇಂಗ್ಲಿಷ್. ಹೋಗುವ ಮೊದಲು ಯಾರೂ ಓದಿರುವುದಿಲ್ಲ, ಮೇಲಿನ ಫೋಟೋ ಮಗಳದ್ದೇ ತಾನೇ ಅಂತ ನೋಡಿಕೊಂಡಿರುತ್ತಾರೆ, ಅಷ್ಟೇ. ಓದಬೇಕಾದ್ದು ವೀಸಾ ಯಾವ ಬಗೆಯದು, ಉದ್ಯೋಗ ಅನ್ನುವ ಕಡೆ ಏನು ಬರೆದಿದೆ, ಸ್ಪಾನ್ಸರ್ ಯಾರು ಅನ್ನುವುದನ್ನು. ಕುವೈತ್‌ನಲ್ಲಿ ಮನೆಗೆಲಸದವರದ್ದು 20ನೇ ನಂಬರಿನ ವೀಸಾ, ಕಂಪನಿ ಕೆಲಸದವರದ್ದು 18. ಆಸ್ಪತ್ರೆಯಲ್ಲಿ ಕ್ಲೀನಿಂಗ್ ಕೆಲಸ, ಬ್ಯೂಟಿ ಪಾರ್ಲರ್ ಕೆಲಸ ಅಂತ ಹೇಳಿ 20ನೇ ನಂಬರಿನಲ್ಲಿ ಕಳಿಸಿದರೆ ಮೋಸ ಆ ಹಾಳೆಯ ಮೇಲೇ ಅಚ್ಚಾಗಿರುತ್ತದೆ. ಸ್ಪಾನ್ಸರ್ ಜಾಗದಲ್ಲಿ ಒಬ್ಬ ವ್ಯಕ್ತಿಯ ಹೆಸರು ಇದ್ದರೆ ಅವಳು ಹೋಗುತ್ತಿರುವುದು ಯಾರದೋ ಮನೆಗೆ, ಆಸ್ಪತ್ರೆಗಲ್ಲ.

ಇನ್ನು ಸಾಲ. ನೋಂದಾಯಿತ ನೇಮಕಾತಿ ಏಜೆಂಟ್ ತಗೊಳ್ಳಬಹುದಾದ ಶುಲ್ಕಕ್ಕೆ ನಮ್ಮ ಸರ್ಕಾರ 30,000 ರೂಪಾಯಿ ಮಿತಿ ಹಾಕಿದೆ, ಜಿಎಸ್‌ಟಿ ಬೇರೆ. ಆದರೆ ಮನೆ ಬಾಗಿಲಿಗೆ ಬರುವವನು ನೋಂದಾಯಿತ ಏಜೆಂಟ್ ಅಲ್ಲ. ಪರಿಚಯದ ಹೆಂಗಸೋ, ದೂರದ ನೆಂಟನೋ ಆಗಿರುತ್ತಾನೆ. ಅಂಥ ಸಬ್ ಏಜೆಂಟರಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಅವನು ರಸೀದಿ ಕೊಡುವುದಿಲ್ಲ. ಲೆಕ್ಕ ಹಾಕಿ ನೋಡಿ: ಐವತ್ತು ಸಾವಿರ ಸಾಲ, ನೂರಕ್ಕೆ ಮೂರು ರೂಪಾಯಿ ಬಡ್ಡಿ. ತಿಂಗಳಿಗೆ 1,500 ಬಡ್ಡಿಯೇ ಆಯಿತು, ಅಸಲು ಹಾಗೇ ಇದೆ. ಮೊದಲ ಒಂದೆರಡು ತಿಂಗಳ ಸಂಬಳ ಅಲ್ಲಿನ ಏಜೆನ್ಸಿ ಹಿಡಿದುಕೊಂಡಿತು ಅನ್ನಿ. ಮೂರನೇ ತಿಂಗಳಲ್ಲಿ ಅವಳು ವಾಪಸ್ ಬಂದರೆ ಹೋದಾಗ ಇದ್ದದ್ದಕ್ಕಿಂತ ಜಾಸ್ತಿ ಸಾಲಗಾರಳಾಗಿ ಬರುತ್ತಾಳೆ. ಇದು ಅವಳಿಗೆ ಚೆನ್ನಾಗಿ ಗೊತ್ತು, ಮನೆಯವರಿಗೂ ಗೊತ್ತು. ಹಾಗಾಗಿಯೇ ಅತ್ತುಕೊಂಡು ಫೋನ್ ಮಾಡಿದರೆ "ಎರಡು ವರ್ಷ ತಾನೇ, ತಡ್ಕೋ" ಅನ್ನುತ್ತಾರೆ. ನನಗೆ ಫೋನ್ ಮಾಡುವ ಅಣ್ಣತಮ್ಮಂದಿರಲ್ಲಿ ಕೆಲವರ ಮೊದಲ ಪ್ರಶ್ನೆ, "ಮೇಡಂ, ಸಂಬಳ ಕೊಡಿಸೋಕಾಗುತ್ತಾ?" ಕರೆಸಿಕೊಳ್ಳುವ ಮಾತು ಆಮೇಲೆ ಬರುತ್ತದೆ. ಸಿಟ್ಟು ಬರುತ್ತದೆ, ಆದರೆ ಬಾಗಿಲಲ್ಲಿ ಸಾಲದವನು ನಿಂತಿರುವುದು ಅವರ ಮನೆಯಲ್ಲಿ, ನನ್ನ ಮನೆಯಲ್ಲಲ್ಲ.

ಆ ಕಡೆಯ ಲೆಕ್ಕವನ್ನೂ ನೋಡಬೇಕು. ಇದನ್ನು ನಮ್ಮವರು ಅಷ್ಟಾಗಿ ಗಮನಿಸುವುದಿಲ್ಲ. ಗಲ್ಫ್‌ನ ಮನೆಯವರು ಅಲ್ಲಿನ ನೇಮಕಾತಿ ಆಫೀಸಿಗೆ, ಅಂದರೆ ಮಕ್ತಬ್‌ಗೆ, ದೊಡ್ಡ ಮೊತ್ತ ಕಟ್ಟಿರುತ್ತಾರೆ. ಹೆಚ್ಚಾಗಿ ಹಲವು ತಿಂಗಳ ಸಂಬಳಕ್ಕೆ ಸಮ. ಅವಳು ಬಿಟ್ಟು ಹೋದರೆ ಅದು ಮುಳುಗಿತು. "ನಿನಗೆ ಇಷ್ಟು ದುಡ್ಡು ಕೊಟ್ಟಿದ್ದೀನಿ" ಅನ್ನುವ ಮಾತು ಬರುವುದು ಇಲ್ಲಿಂದ. ಅವಳಿಗೆ ಅದರಲ್ಲಿ ಒಂದು ಪೈಸೆ ಬಂದಿಲ್ಲ, ಆದರೂ ತನ್ನನ್ನು ಕೊಂಡುಕೊಂಡವರ ಹಾಗೆ ಅವರು ಮಾತಾಡುವುದನ್ನು ಕೇಳಬೇಕು. ಪಾಸ್‌ಪೋರ್ಟ್ ಕಪಾಟಿಗೆ ಸೇರುವುದೂ ಇದೇ ಭಯದಿಂದ. ಎಲ್ಲ ಮಾಲೀಕರೂ ಕ್ರೂರಿಗಳೇನಲ್ಲ. ಹಾಕಿದ ದುಡ್ಡು ಕಾಪಾಡಿಕೊಳ್ಳಬೇಕು ಅನ್ನುವ ಸಾಮಾನ್ಯ ಮನೆಯವರೂ ಇದನ್ನೇ ಮಾಡುತ್ತಾರೆ.

ಕುವೈತ್, ಯುಎಇಗಳಲ್ಲಿ ಈ ದುಡ್ಡಿಗೆ ಮೊದಲ ಆರು ತಿಂಗಳು ಪೂರ್ತಿ ಗ್ಯಾರಂಟಿ ಇದೆ. ಅಷ್ಟರೊಳಗೆ ಅವಳು ಕೆಲಸ ಮಾಡಲ್ಲ ಅಂದರೆ ಮಕ್ತಬ್ ಹಣ ವಾಪಸ್ ಕೊಡಬೇಕು. ಹಾಗಾಗಿ ಮೊದಲ ತಿಂಗಳುಗಳಲ್ಲಿ ಮಕ್ತಬ್‌ಗೆ ಫೋನ್ ಮಾಡಿ ಅತ್ತರೆ ಅವರು ಸಮಾಧಾನ ಮಾಡುತ್ತಾರೆ, ಬೈಯುತ್ತಾರೆ, ಹೆದರಿಸುತ್ತಾರೆ, ಹೇಗಾದರೂ ಮಾಡಿ ಅದೇ ಮನೆಗೆ ಕಳಿಸಲು ನೋಡುತ್ತಾರೆ. ಆರು ತಿಂಗಳು ಕಳೆದ ಮೇಲೆ ಅದೇ ಮಕ್ತಬ್ ಫೋನೇ ಎತ್ತುವುದಿಲ್ಲ.

ಇದೆಲ್ಲದರ ಮೇಲೆ ಕಫಾಲಾ. ಅವಳು ಆ ದೇಶದಲ್ಲಿ ಇರುವ ಹಕ್ಕು ಕಫೀಲನ, ಅಂದರೆ ಆ ಮನೆ ಯಜಮಾನನ ಹೆಸರಿಗೆ ಅಂಟಿಕೊಂಡಿರುತ್ತದೆ. ಕೆಲಸ ಹೋಯಿತು ಅಂದರೆ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿಯೂ ಹೋಯಿತು. ಹೇಳದೆ ಮನೆ ಬಿಟ್ಟರೆ ಕಫೀಲ ಓಡಿಹೋದಳು ಅಂತ ದೂರು ದಾಖಲಿಸಬಹುದು. ಸೌದಿಯಲ್ಲಿ ಇದಕ್ಕೆ ಹುರೂಬ್ ಅನ್ನುತ್ತಾರೆ. ಹೊಡೆತ ತಾಳಲಾರದೆ ಓಡಿದವಳೇ ಪೊಲೀಸರ ಕಣ್ಣಿಗೆ ಅಪರಾಧಿ. ಕೆಲವೊಮ್ಮೆ ಬಾಕಿ ಸಂಬಳ ಕೇಳಿದ್ದಕ್ಕೇ ಈ ದೂರು ಬೀಳುತ್ತದೆ. ಸಂಬಳ ಕೊಡುವುದಕ್ಕಿಂತ ದೂರು ಕೊಡುವುದು ಸುಲಭ.

ಅಲ್ಲಿ ಕಾನೂನೇ ಇಲ್ಲ ಅಂತ ಅಂದುಕೊಳ್ಳಬೇಡಿ. ಕುವೈತ್ 2015ರಲ್ಲಿ ಮನೆಗೆಲಸದವರಿಗೆಂದೇ ಕಾನೂನು ಮಾಡಿತು. ದಿನಕ್ಕೆ 12 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ, ವಾರಕ್ಕೊಂದು ರಜೆ, ವರ್ಷಕ್ಕೆ 30 ದಿನ ಸಂಬಳ ಸಹಿತ ರಜೆ, ಕೆಲಸ ಮುಗಿದಾಗ ದುಡಿದ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ. ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳುವಂತಿಲ್ಲ. ಯುಎಇ, ಕತಾರ್ 2017ರಲ್ಲಿ ಇಂಥ ಕಾನೂನು ತಂದವು, ಯುಎಇ 2022ರಲ್ಲಿ ಹೊಸದು ಮಾಡಿತು. ಕತಾರ್‌ನ 1,000 ರಿಯಾಲ್ ಕನಿಷ್ಠ ವೇತನ 2021ರಿಂದ ಮನೆಗೆಲಸದವರಿಗೂ ಸೇರುತ್ತದೆ. ಓದಲು ಚೆನ್ನಾಗಿದೆ. ಆದರೆ ಕಾರ್ಖಾನೆಗೆ ಹೋಗುವ ಹಾಗೆ ಲೇಬರ್ ಇನ್‌ಸ್ಪೆಕ್ಟರ್ ಒಂದು ಮನೆಗೆ ನುಗ್ಗುವಂತಿಲ್ಲ. ರಾತ್ರಿ ಒಂದಕ್ಕೆ ಅತಿಥಿಗಳು ಎದ್ದ ಮೇಲೆ ಪಾತ್ರೆ ತೊಳೆದು, ಬೆಳಗ್ಗೆ ಐದಕ್ಕೆ ಸ್ಕೂಲಿಗೆ ಹೋಗುವ ಮಕ್ಕಳಿಗೆ ತಿಂಡಿ ಮಾಡಿದ್ದಕ್ಕೆ ಹಾಜರಿ ಪುಸ್ತಕ ಎಲ್ಲಿದೆ? ಸಾಕ್ಷಿ ಹೇಳುವವರು ಯಾರು? ಆ ಮನೆಯ ಹೆಂಗಸನ್ನು ಅವಳು 'ಮಾಮಾ' ಅಂತಲೂ ಗಂಡಸನ್ನು 'ಬಾಬಾ' ಅಂತಲೂ ಕರೆಯಬೇಕು. ಆಮೇಲೆ ಅಮ್ಮ ಅಪ್ಪನ ವಿರುದ್ಧ ಓವರ್‌ಟೈಮ್ ಕೇಳಬೇಕು!

ಫೋನ್ ಇದೆಯಲ್ಲ ಅನ್ನಬಹುದು. ಫೋನ್ ಇದೆ, ಆದರೆ ವೈಫೈ ಮನೆಯವರದು. ಮಾಮಾಗೆ ಸಿಟ್ಟು ಬಂದರೆ ಪಾಸ್‌ವರ್ಡ್ ಬದಲಾಗುತ್ತದೆ. ಕೆಲವು ಮನೆಗಳಲ್ಲಿ ಫೋನ್ ಕೈಗೆ ಬರುವುದೇ ಶುಕ್ರವಾರ. ನನಗೆ ಬರುವ ವಾಯ್ಸ್ ಮೆಸೇಜುಗಳಲ್ಲಿ ಹಿಂದೆ ನಲ್ಲಿಯ ಸದ್ದು ಇರುತ್ತದೆ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಪಿಸುದನಿಯಲ್ಲಿ ಮಾತಾಡುತ್ತಾರೆ. ಯಾವ ಏರಿಯಾ ಅಂತ ಕೇಳಿದರೆ ಗೊತ್ತಿರುವುದಿಲ್ಲ. ಕಿಟಕಿಯಿಂದ ಮಸೀದಿ ಕಾಣುತ್ತೆ ಅಂತ ಹೇಳುತ್ತಾರೆ. ಅದನ್ನು ಇಟ್ಟುಕೊಂಡು ರಾಯಭಾರ ಕಚೇರಿಯವರು ಎಲ್ಲಿ ಅಂತ ಹುಡುಕುತ್ತಾರೆ?

ಇಲ್ಲಿ ಪೊಲೀಸ್ ಠಾಣೆಗೆ ಹೋದರೆ ಕೇಳಿಬರುವ ಮಾತು, "ಅವಳೇ ಒಪ್ಪಿ ಹೋಗಿದ್ದಾಳಲ್ಲಮ್ಮ." ಇದಕ್ಕೆ ಕಾನೂನಿನಲ್ಲೇ ಉತ್ತರ ಇದೆ. ಶೋಷಣೆಗೆಂದು ಮೋಸ ಮಾಡಿ, ಬೆದರಿಸಿ ಅಥವಾ ಆಮಿಷ ತೋರಿಸಿ ಒಬ್ಬರನ್ನು ಸಾಗಿಸಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಪ್ರಕಾರ ಮಾನವ ಸಾಗಾಟ, ಹಿಂದೆ ಐಪಿಸಿ 370 ಆಗಿತ್ತು. ಹೋದವರ ಒಪ್ಪಿಗೆ ಇತ್ತಾ ಇಲ್ಲವಾ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ ಅಂತ ಆ ಸೆಕ್ಷನ್ನೇ ಬಿಡಿಸಿ ಹೇಳುತ್ತದೆ. ಠಾಣೆಗೆ ಹೋಗುವಾಗ ಅದರ ಪ್ರಿಂಟ್ ತಗೊಂಡು ಹೋಗಿ. ಸುಮ್ನೆ ವಾದ ಮಾಡುವುದಕ್ಕಿಂತ ಅದು ಕೆಲಸ ಮಾಡುತ್ತದೆ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಮನೆಗೆಲಸದವರಿಗಾಗಿ 189ನೇ ಒಡಂಬಡಿಕೆ ತಂದಿತು. ಪಾಸ್‌ಪೋರ್ಟ್ ಅವಳ ಹತ್ತಿರವೇ ಇರಬೇಕು, ರಜೆಯ ದಿನ ಆ ಮನೆಯಲ್ಲೇ ಕೂರಬೇಕಾಗಿಲ್ಲ ಅನ್ನುವಂಥ ಸರಳ ವಿಷಯಗಳು ಅದರಲ್ಲಿವೆ. ಗಲ್ಫ್ ದೇಶಗಳು ಅದನ್ನು ಅನುಮೋದಿಸಿಲ್ಲ. ನಾವೂ ಅಷ್ಟೇ, ಜಿನೀವಾದಲ್ಲಿ ಪರವಾಗಿ ವೋಟು ಹಾಕಿ ಬಂದು ಸುಮ್ಮನಾದೆವು. ಮನೆಗೆಲಸದವರಿಗೆ ಪ್ರತ್ಯೇಕ ಕಾನೂನು ಬೇಕಾ ಅಂತ ನೋಡಲು ಸಮಿತಿ ಮಾಡಿ ಎಂದು ಸುಪ್ರೀಂ ಕೋರ್ಟ್ ಕೇಂದ್ರಕ್ಕೆ 2025ರ ಜನವರಿಯಲ್ಲಿ ಹೇಳಬೇಕಾಯಿತು. ನಮ್ಮ ಮನೆಯ ಒಳಗಿನದ್ದು ಹೀಗಿರುವಾಗ ಇನ್ನೊಂದು ದೇಶದ ಜೊತೆ ಗಟ್ಟಿಯಾಗಿ ಮಾತಾಡಲು ಬಾಯಿ ಬರುವುದಾದರೂ ಹೇಗೆ?

ಹೋಗಲೇಬೇಕು ಅಂತ ನಿರ್ಧಾರ ಮಾಡಿದವರಿಗೆ ನಾನು ಬೇಡ ಅನ್ನುವುದಿಲ್ಲ. ಬೇಡ ಅನ್ನಲು ಅವರ ಸಾಲ ನಾನು ತೀರಿಸುವುದಿಲ್ಲವಲ್ಲ. ಕೇಳುವುದು ಇಷ್ಟೇ: ಕಳಿಸುವ ಏಜೆಂಟ್ ಅಥವಾ ಸಂಸ್ಥೆಯ ಹೆಸರು ಇ-ಮೈಗ್ರೇಟ್‌ನಲ್ಲಿ ಇದೆಯಾ ನೋಡಿ, ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಹೋಗಬೇಡಿ, ದುಡ್ಡನ್ನು ಬ್ಯಾಂಕ್ ಮೂಲಕವೇ ಕೊಡಿ. ಏಜೆಂಟ್ ಕಳಿಸಿದ ಒಂದೊಂದು ವಾಯ್ಸ್ ಮೆಸೇಜನ್ನೂ ಉಳಿಸಿಕೊಳ್ಳಿ. ಪಾಸ್‌ಪೋರ್ಟ್, ವೀಸಾ, ಒಪ್ಪಂದದ ಫೋಟೋ ಮನೆಯಲ್ಲಿ ಇಬ್ಬರ ಫೋನಿನಲ್ಲಿ ಇರಲಿ. ಹೋದ ದಿನವೇ ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸಿಬಿಡಬೇಕು, ಕಷ್ಟ ಬಂದ ಮೇಲೆ ಆ ಅವಕಾಶ ಸಿಗದೇ ಇರಬಹುದು. ಪಾಸ್‌ಪೋರ್ಟ್ ಕಿತ್ತುಕೊಂಡರೆ ಇನ್ನೊಂದು ಮಾತು ತಿಳಿದಿರಲಿ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅದು ಭಾರತ ಸರ್ಕಾರದ ಸ್ವತ್ತು. ಅದನ್ನು ಬಿಟ್ಟೇ ಹೊರಬಂದರೂ ರಾಯಭಾರ ಕಚೇರಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡಬಲ್ಲದು, ಅದೇ ಅಲ್ಲಿನವರು ಹೇಳುವ ಔಟ್‌ಪಾಸ್.

ಮನೆ ಬಿಡುವುದೇ ಆದರೆ ಪರಿಚಯದವರ ರೂಮಿಗೆ ಹೋಗಬಾರದು. ನೇರ ರಾಯಭಾರ ಕಚೇರಿಗೆ ಹೋಗಬೇಕು. ಕುವೈತ್‌ನಲ್ಲಿ ನಮ್ಮ ಕಚೇರಿ ಹೆಂಗಸರಿಗೆಂದೇ ಆಶ್ರಯ ನಡೆಸುತ್ತದೆ. ಟಿಕೆಟ್‌ಗೆ ದುಡ್ಡಿಲ್ಲದವರಿಗೆ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಕೊಡಲು ಅವಕಾಶ ಇದೆ, ಅದನ್ನು ಕೇಳಿ ಪಡೆಯಬೇಕು. ಇಲ್ಲಿಂದ ಮನೆಯವರು ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಿ ನಂಬರ್ ಇಟ್ಟುಕೊಳ್ಳಬೇಕು. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090.

ಬಾಕಿ ಸಂಬಳ ಇದ್ದರೆ ವಿಮಾನ ಹತ್ತುವ ಮೊದಲೇ ಅಲ್ಲಿನ ಲೇಬರ್ ಆಫೀಸಿನಲ್ಲಿ ದೂರು ಬರೆಸಿ, ಕೇಸು ನಡೆಸಲು ರಾಯಭಾರ ಕಚೇರಿಗೋ ನಂಬುವ ಒಬ್ಬರಿಗೋ ಪವರ್ ಆಫ್ ಅಟಾರ್ನಿ ಕೊಟ್ಟು ಬನ್ನಿ. ಹೆಚ್ಚಿನವರು ಮಗು ಮುಖ ನೋಡಿದರೆ ಸಾಕು ಅಂತ ಅದೊಂದನ್ನು ಬಿಟ್ಟು ಬರುತ್ತಾರೆ. ಇಲ್ಲಿ ಬಂದಿಳಿದ ಮೇಲೆ ಆ ಹಣ ವಸೂಲಿ ಮಾಡಲು ನನ್ನಂಥ ವಕೀಲರ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.