ಟಿಕೆಟ್ಟಿನ ಮೇಲೆ ಕಳೆಯೋ ಲೆಕ್ಕ ಮಾಡಬೇಡಿ

"ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟು ಅವತ್ತೇ ಸಂಜೆ ಐದಕ್ಕೆ ಸ್ಯಾನ್ ಫ್ರಾನ್ಸಿಸ್ಕೋ. ಎರಡೂವರೆ ಗಂಟೆ ಅಷ್ಟೇನಾ? ತುಮಕೂರಿಂದ ಏರ್‌ಪೋರ್ಟ್‌ಗೇ ಅಷ್ಟು ಹೊತ್ತು ಬೇಕಲ್ರೀ!"

ಕೇಳಿದವರು ನಮ್ಮೂರ ಎಚ್‌ಎಂಟಿ ವಾಚ್ ಕಾರ್ಖಾನೆಯಿಂದ ನಿವೃತ್ತರಾದವರು. ಜೀವಮಾನವಿಡೀ ಗಡಿಯಾರ ಜೋಡಿಸಿದವರೇ ಹೀಗೆಂದರೆ ಉಳಿದವರನ್ನು ಏನನ್ನಲಿ? ಮಗಳ ಬಾಣಂತನಕ್ಕೆ ಹೊರಟ ಅಪ್ಪ-ಅಮ್ಮಂದಿರು ವಾರಕ್ಕೊಬ್ಬರಾದರೂ ನನ್ನ ಮೇಜಿನ ಮುಂದೆ ಕೂತು ಇದೇ ಕಳೆಯೋ ಲೆಕ್ಕ ಮಾಡುತ್ತಾರೆ.

ಇನ್ನೊಮ್ಮೆ ಹೇಳುತ್ತೇನೆ. ಟಿಕೆಟ್ಟಿನಲ್ಲಿ ಹೊರಡೋ ಸಮಯ ಹೊರಡೋ ಊರಿನ ಗಡಿಯಾರದ್ದು, ಇಳಿಯೋ ಸಮಯ ಇಳಿಯೋ ಊರಿನದು. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ ಐದು ಅಂದರೆ ಇಲ್ಲಿ ಮಾರನೇ ಬೆಳಿಗ್ಗೆ ಆರೂವರೆ. ಎರಡೂವರೆಯಿಂದ ಎಣಿಸಿ, ಹದಿನಾರು ಗಂಟೆ. ಬೇಸಿಗೆಯಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಗ ಅಂತರ ಹನ್ನೆರಡೂವರೆ. ಬರುವಾಗ ಇದೇ ಲೆಕ್ಕ ತಿರುಗಾಮುರುಗಾ. 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಇಳಿದದ್ದು 11ರ ಬೆಳಗಿನ ಜಾವ. ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳು. ಹಾರಿದ್ದು ಎರಡು ದಿನವಲ್ಲ, ಸುಮಾರು ಹದಿನೇಳು ಗಂಟೆ.

ಸ್ವಲ್ಪ ಓದಿಕೊಂಡವರದು ಇನ್ನೊಂದು ಲೆಕ್ಕ: ಹದಿನಾಲ್ಕು ಸಾವಿರ ಕಿಲೋಮೀಟರ್, ಗಂಟೆಗೆ ಒಂಬೈನೂರು, ಭಾಗಿಸಿದರೆ ಹದಿನೈದೂವರೆ. ಅಂದಾಜಿಗೆ ಸರಿ. ಆದರೆ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತಿರುತ್ತದೆ. ಲಂಡನ್ನಿಗೆ ಹೋಗುವಾಗ ಅದು ಎದುರು, ಬರುವಾಗ ಬೆನ್ನಿಗೆ. ಲಂಡನ್ನಿಂದ ಸಾಮಾನ್ಯವಾಗಿ ಬರೋದೇ ಬೇಗ. ಎಷ್ಟು ಬೇಗ ಅಂತ ನಾನು ಬರೆದುಕೊಡಲಾರೆ. ಟಿಕೆಟ್ಟಿನಲ್ಲಿ ಒಟ್ಟು ಅವಧಿ ಅಂತ ಒಂದು ಸಾಲಿದ್ದರೆ ಅದನ್ನೇ ಓದಿ. ನಡುವೆ ವಿಮಾನ ಬದಲಿಸೋದಿದ್ದರೆ ಕಾಯುವ ಹೊತ್ತೂ ಅದರಲ್ಲಿ ಸೇರಿರುತ್ತದೆ.

ಇಷ್ಟು ಗೋಳು ಯಾಕೆಂದರೆ, ಆ ಯಜಮಾನರು ಎರಡೂವರೆ ಗಂಟೆ ನಂಬಿಕೊಂಡು ಹೆಂಡತಿಯ ಸಕ್ಕರೆ ಮಾತ್ರೆಯ ಡಬ್ಬಿಯನ್ನು ದೊಡ್ಡ ಸೂಟ್‌ಕೇಸಿನ ತಳಕ್ಕೆ, ಚಟ್ನಿಪುಡಿಯ ಕೆಳಗೆ ತುಂಬಿದ್ದರು. ತೆಗೆಸಿ ಕೈಚೀಲಕ್ಕೆ ಹಾಕಿಸಿದೆ, ಡಾಕ್ಟರ ಚೀಟಿಯನ್ನೂ ಇಡಿಸಿದೆ. ಇನ್ಸುಲಿನ್ ಆದರೂ ಅಷ್ಟೇ, ಕೈಚೀಲದಲ್ಲೇ ಇರಲಿ. ಯಾವ ಹೊತ್ತಿಗೆ ತಗೊಳ್ಳಬೇಕು ಅನ್ನೋದನ್ನು ಮಾತ್ರ ಹೊರಡುವ ಮೊದಲು ನಿಮ್ಮ ಡಾಕ್ಟರನ್ನೇ ಕೇಳಿ, ನನ್ನನ್ನಲ್ಲ.

ಅಲ್ಲಿಗೆ ಹೋದಮೇಲೆ ಅವರು ಎಡಗೈಗೆ ಮಗಳು ಕೊಡಿಸಿದ ವಾಚು, ಬಲಗೈಗೆ ಊರಿನ ಟೈಮಿನ ಎಚ್‌ಎಂಟಿ ಕಟ್ಟಿ, ದಿನಾ ಬೆಳಿಗ್ಗೆ ಅದಕ್ಕೆ ಕೀ ಕೊಡುತ್ತಿದ್ದರಂತೆ. ಆದರೂ ಒಂದು ರಾತ್ರಿ ಎರಡು ಗಂಟೆಗೆ ನನ್ನ ಫೋನ್ ಹೊಡೆದುಕೊಂಡಿತು. "ಏನಪ್ಪಾ, ಊಟ ಆಯ್ತಾ? ವಾಪಸ್ ಟಿಕೆಟ್ ನೋಡ್ತಿದ್ದೆ. ಶನಿವಾರ ಹತ್ತಿದರೆ ಸೋಮವಾರ ಯಾಕೆ ಇಳಿಸ್ತಾರೆ?"