ಜೋಳದ ನಾಡಿಗೆ ಅಕ್ಕಿ ಬಂದ ದಾರಿ

‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂಬ, ಡೋಣಿ ಹೊಳೆಯ ದಂಡೆಯ ಹೊಲಗಳ ಬಗೆಗಿನ ಮಾತು ವಿಜಯಪುರ ಸೀಮೆಯಲ್ಲಿ ಇನ್ನೂ ಬಳಕೆಯಲ್ಲಿದೆ. ಆದರೆ ಅದೇ ಓಣಿಯ ಬಡವರ ಮನೆಗೆ ತಿಂಗಳು ತಿಂಗಳು ಬರುವುದು ಅಕ್ಕಿ. ಪಡಿತರದಿಂದ ಹಸಿವು ನೀಗಿತೋ, ಊಟವೇ ಬದಲಾಗಿ ಹೋಯಿತೋ ಎಂಬ ವಾದ ಮತ್ತೆ ಮತ್ತೆ ಏಳುತ್ತದೆ. ನಡೆದದ್ದು ಎರಡೂ.

1965ರಲ್ಲಿ ಭಾರತ ಆಹಾರ ನಿಗಮ ಹುಟ್ಟಿತು, 1997ರಲ್ಲಿ ಪಡಿತರದಲ್ಲಿ ಬಡವರಿಗೆ ಬೇರೆ ದರ ಬಂತು, 2000ದಲ್ಲಿ ಕಡುಬಡವರಿಗಾಗಿ ಅಂತ್ಯೋದಯ ಯೋಜನೆ, 2013ರಲ್ಲಿ ಆಹಾರ ಭದ್ರತಾ ಕಾಯ್ದೆ. ಇಷ್ಟು ದಶಕಗಳಲ್ಲಿ ಬದಲಾಗದ್ದು ಒಂದೇ: ಗೋದಾಮಿಗೆ ಬಂದದ್ದು ಬಹುಪಾಲು ಅಕ್ಕಿ, ಗೋಧಿ, ಬಂದದ್ದನ್ನೇ ಹಂಚಲಾಯಿತು.

2013ರ ಜುಲೈನಲ್ಲಿ ಶುರುವಾದ ರಾಜ್ಯದ ಅನ್ನಭಾಗ್ಯ ಅಕ್ಕಿ ಮೊದಲು ಕುಟುಂಬಕ್ಕೆ ಗರಿಷ್ಠ 30 ಕಿಲೋ, ಕಿಲೋಗೆ 1 ರೂಪಾಯಿ. 2015ರ ಮೇ ತಿಂಗಳಿಂದ ಉಚಿತ. 2023ರ ಜುಲೈನಲ್ಲಿ ರಾಜ್ಯ ಕೊಡಬೇಕಿದ್ದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಬಂತು. 2025ರಲ್ಲಿ ಮತ್ತೆ ಅಕ್ಕಿ. ಇದರ ಬೆಲೆಯನ್ನು ಸುಗ್ಗಿ ಕೂಲಿ ಮಾಡಿದವರ ಮನೆಯಲ್ಲಿ ನಿಂತು ಅಳೆಯಬೇಕು. ಹಿಂದೆ ಹೊಲ ಇಲ್ಲದವರಿಗೆ ವರ್ಷದ ಕಾಳು ಬರುತ್ತಿದ್ದುದು ಜೋಳ ಕೊಯ್ದ ಕೂಲಿಯಾಗಿ, ಕೊಯ್ಲಾದ ಹೊಲದಲ್ಲಿ ಉದುರಿದ ತೆನೆಯ ಹಕ್ಕಲು ಆಯ್ದು. ಹಿಂಗಾರಿ ಕೈಕೊಟ್ಟರೆ ಕೆಲಸವೂ ಇಲ್ಲ, ಕಾಳೂ ಇಲ್ಲ. ಸಾಹುಕಾರರಲ್ಲಿ ಸಾಲ, ಇಲ್ಲವೇ ಗುಳೆ. ಆ ಅಂಜಿಕೆ ತಗ್ಗಿದ್ದು ಸಣ್ಣ ಮಾತಲ್ಲ. ಇಡೀ ದಿನ ಕಳೆ ಕಿತ್ತು ಬಂದ ಹೆಣ್ಣುಮಗಳಿಗೆ ಗಿರಣಿಗೆ ಹೋಗಿ, ಎಸರಿಟ್ಟು, ಹಿಟ್ಟು ನಾದಿ, ಒಂದೊಂದೇ ರೊಟ್ಟಿ ಬಡಿಯುವುದಕ್ಕಿಂತ ಅನ್ನಕ್ಕಿಡುವುದು ಸಲೀಸು. ಅಕ್ಕಿ ಅಡುಗೆಮನೆಗೆ ಬಂದು ನೆಲೆನಿಂತದ್ದು ಹೀಗೆ, ಬರೀ ರುಚಿಯಿಂದಲ್ಲ.

ಹಾಗಾದರೆ ಪಡಿತರದಲ್ಲಿ ಜೋಳವನ್ನೇ ಕೊಡಬಾರದೇ? ಕೊಡುವ ಪ್ರಯತ್ನಗಳಾಗಿವೆ. ತೊಡಕು ಖರೀದಿಯಲ್ಲಿದೆ. 2023–24ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ ಹೈಬ್ರಿಡ್ ಜೋಳಕ್ಕೆ 3,180, ಹಿಂಗಾರಿಯ ಬಿಳಿಜೋಳದ ತಳಿ ಮಾಲ್ದಂಡಿಗೆ 3,225 ರೂಪಾಯಿ. ಎರಡರ ನಡುವೆ ಬರೀ 45 ರೂಪಾಯಿ. ಕಪ್ಪು ಮಣ್ಣಿನ ಎರಿಭೂಮಿಯಲ್ಲಿ ಇಬ್ಬನಿ, ನೆಲದ ತೇವದ ಮೇಲೆ ಬೆಳೆದು ಒಣ ಹವೆಯಲ್ಲಿ ಮಾಗುವ ಮಾಲ್ದಂಡಿಯ ಕಾಳು ಬೆಳ್ಳಗೆ, ರೊಟ್ಟಿ ಮೆತ್ತಗೆ. ಪೇಟೆಯಲ್ಲಿ ಅದಕ್ಕೆ ಬೇರೆಯದೇ ದರ ಸಿಗುವಾಗ ರೈತ ಖರೀದಿ ಕೇಂದ್ರಕ್ಕೆ ಯಾಕೆ ತರುತ್ತಾನೆ? ಕೇಂದ್ರಕ್ಕೆ ಬರುವುದು ಹೆಚ್ಚಾಗಿ ಹೈಬ್ರಿಡ್. ಮುಂಗಾರಿಯಲ್ಲಿ ತೆನೆ ಮಾಗುವಾಗ ಮಳೆ ಹಿಡಿದರೆ ಅದರ ಕಾಳಿಗೆ ಬೂಷ್ಟು ಬಂದು ಕಪ್ಪಾಗುತ್ತದೆ. ತೇವ ಶೇ 14 ಮೀರಿದರೆ ವಾಪಸ್. ಪಾಸಾದ ಜೋಳವೂ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತರೆ ಹುಳ ಹತ್ತುತ್ತದೆ. ಹಳತಾದ ಹಿಟ್ಟಿನ ಜಿಗಿ ಹೋಗಿ ರೊಟ್ಟಿ ಅಂಚಲ್ಲಿ ಸೀಳುತ್ತದೆ. ಖರೀದಿಸಿದ ಜೋಳವನ್ನು 3 ತಿಂಗಳೊಳಗೆ ಹಂಚಿ ಮುಗಿಸಬೇಕೆಂಬ ಕೇಂದ್ರ ಸರ್ಕಾರದ ಹಳೆಯ ನಿಯಮ 2021ರ ಕೊನೆಗೆ ಸಡಿಲವಾಯಿತು. ಅವಧಿ ಸಿಕ್ಕಿತು, ಕಾಳಿನ ಗುಣಕ್ಕೆ ಖಾತ್ರಿ ಸಿಗಲಿಲ್ಲ. ‘ಜನಕ್ಕೆ ಜೋಳ ಬೇಡ’ ಎನ್ನುವ ವರದಿಗಳನ್ನು ಓದುವಾಗ ಇದು ನೆನಪಿರಬೇಕು: ಜನ ಬೇಡವೆಂದದ್ದು ಆ ಜೋಳವನ್ನು.

ಅಕ್ಕಿ ಉಳಿದ ಮನೆಗಳು ಅದನ್ನು ಅಗ್ಗಕ್ಕೆ ಮಾರಿ, ಸಂತೆಯಲ್ಲಿ ದುಬಾರಿ ಜೋಳ ಕೊಳ್ಳುವುದೂ ಇದೆ. ಇದನ್ನು ದುರುಪಯೋಗವೆಂದು ಬರೆದುಕೊಳ್ಳುವ ಮುಂಚೆ ಆ ಲೆಕ್ಕದಲ್ಲಿ ನಷ್ಟ ಯಾರದೆಂದು ನೋಡಬೇಕು. ಇನ್ನೊಂದು ನಷ್ಟ ಪಟ್ಟಿಗೆ ಬರುವುದೇ ಇಲ್ಲ. ಜೋಳದ ಜೊತೆ ಅದರ ಒಣ ದಂಟು, ಕಣಿಕೆ ಬರುತ್ತಿತ್ತು, ಎರಡು ಆಕಳು ಅದರಲ್ಲೇ ಬೇಸಿಗೆ ಕಳೆಯುತ್ತಿದ್ದವು. ಕೂಲಿ ಜೋಳ ಹೋಗಿ ಚೀಲದ ಅಕ್ಕಿ ಬಂದಾಗ ಮೇವು ಬರಲಿಲ್ಲ. ಹೊಲಗಳು ಕಡಲೆ, ತೊಗರಿ, ನೀರು ಬಂದಲ್ಲಿ ಕಬ್ಬಿಗೆ ತಿರುಗಿದ್ದಕ್ಕೆ ಪಡಿತರವೊಂದೇ ಕಾರಣವಲ್ಲ. ಕೊಯ್ಲಿನ ಕೂಲಿ, ಪೇಟೆ ದರ, ಕಾಲುವೆ ಎಲ್ಲವೂ ಸೇರಿವೆ.

ತಾಂತ್ರಿಕ ತೊಡಕು ಬೇರೆ. ದುಡಿದು ಸವೆದ ಹೆಬ್ಬೆರಳನ್ನು ಪಡಿತರ ಅಂಗಡಿಯ ಬೆರಳಚ್ಚು ಯಂತ್ರ ಗುರುತಿಸುವುದಿಲ್ಲ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದವರಿಗೆ ಅಲ್ಲಿಯೂ ಪಡಿತರ ಸಿಗುತ್ತದೆ, ಆದರೆ ಕೇಂದ್ರದ ಪಾಲು ಮಾತ್ರ. ರಾಜ್ಯದ ಹೆಚ್ಚುವರಿ ಪಾಲು ಗಡಿ ದಾಟುವುದಿಲ್ಲ.

ಫೆಬ್ರವರಿ–ಮಾರ್ಚ್‌ನಲ್ಲಿ ಕಣಕ್ಕೆ ಬರುವ ಬಿಳಿಜೋಳವನ್ನು ಪೇಟೆ ದರಕ್ಕೇ ಕೊಂಡು, ಅದೇ ಜಿಲ್ಲೆಯ ಗೋದಾಮಿನಲ್ಲಿಟ್ಟು, ಮಳೆಗಾಲಕ್ಕೆ ಮೊದಲೇ ಅದೇ ಜಿಲ್ಲೆಯ ಅಂಗಡಿಗಳಿಗೆ ಹಂಚಿದರೆ ಹುಳಕ್ಕೂ ಬೂಷ್ಟಿಗೂ ಸಮಯ ಸಿಗುವುದಿಲ್ಲ. ಖರ್ಚು ಹೆಚ್ಚು. ದೂರದಿಂದ ಅಕ್ಕಿ ಸಾಗಿಸುವ ಖರ್ಚನ್ನು ಕಳೆದು ನೋಡಿದರೆ ಎಷ್ಟು ಹೆಚ್ಚು ಎಂಬ ಲೆಕ್ಕವನ್ನು ಜಿಲ್ಲಾವಾರು ಹಾಕಬೇಕಿದೆ.